ಲಾಸ್ಟ್ ಪೋಸ್ಟ್ ಊದುವ ಮುಂಚೆ

ಬ್ಯೂಗಲ್‌ನಲ್ಲಿ ಬೆರಳಿಗೆ ಕೆಲಸವಿಲ್ಲ. ಒತ್ತುವ ಗುಂಡಿ ಇಲ್ಲ, ಮುಚ್ಚುವ ತೂತಿಲ್ಲ. ಸುತ್ತಿದ ಒಂದು ಕೊಳವೆ, ತುದಿಗೆ ಮೌತ್‌ಪೀಸ್, ಅಷ್ಟೇ. ಸ್ವರ ಬದಲಾಗಬೇಕಾದರೆ ತುಟಿ ಬಿಗಿಯಾಗಬೇಕು, ಉಸಿರು ಚುರುಕಾಗಬೇಕು. ಕರೆಗಳಲ್ಲಿ ಬಳಸುವುದು ಐದೇ ಸ್ವರ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಕೆಳಗಿನ ಸ, ಪ, ಮೇಲಿನ ಸ, ಅಂತರ ಗಾಂಧಾರ, ಅದರ ಮೇಲೊಂದು ಪ. ಬೆಳಗ್ಗೆ ಎಬ್ಬಿಸುವ ಕರೆ, ಸಂಜೆ ಬಾವುಟ ಇಳಿಸುವ ರಿಟ್ರೀಟ್, ಊಟದ ಕರೆ, ಸತ್ತವರಿಗಾಗಿ ಊದುವ ಲಾಸ್ಟ್ ಪೋಸ್ಟ್ ಎಲ್ಲವೂ ಇದರಲ್ಲೇ ಆಗಬೇಕು.

ನಾನು ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಬ್ಯೂಗಲ್ ಊದಿದವನು. ಲಾಸ್ಟ್ ಪೋಸ್ಟ್ ಒಂದು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ, ಕಲಿಯುವುದು ಅಂಥ ಕಷ್ಟವಲ್ಲ. ಕಷ್ಟ ಅಂದರೆ ಅದಕ್ಕೆ ಮುಂಚೆ ಸುಮ್ನೆ ನಿಂತಿರುವುದು.

ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನವನ್ನೇ ತೆಗೆದುಕೊಳ್ಳಿ. 1959ರಲ್ಲಿ ಇದೇ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಹತ್ತಿರ ಚೀನೀ ಪಡೆಯ ದಾಳಿಯಲ್ಲಿ 10 ಪೊಲೀಸರು ಸತ್ತರು. ಆ ನೆನಪಿಗೆ ದೇಶದ ಎಲ್ಲಾ ಕಡೆ ಕವಾಯತು ನಡೆಯುತ್ತದೆ. ಆ ವರ್ಷ ಕರ್ತವ್ಯದಲ್ಲಿ ಪ್ರಾಣ ಬಿಟ್ಟವರ ಹೆಸರುಗಳನ್ನು ರಾಜ್ಯವಾರು ಓದುತ್ತಾರೆ. ಪಟ್ಟಿ ಉದ್ದ. ಸಾಹೇಬರು ಓದುತ್ತಲೇ ಇರುತ್ತಾರೆ, ನಾವು ಅಲುಗಾಡದೆ ನಿಂತಿರುತ್ತೇವೆ. ಆಮೇಲೆ ಹೂಗುಚ್ಛ, ಮೂರು ಸುತ್ತು ಗುಂಡು, ಅದರ ಬೆನ್ನಿಗೇ ಲಾಸ್ಟ್ ಪೋಸ್ಟ್. ಬೆಳಗ್ಗೆ ಚೆನ್ನಾಗಿ ಊದಿ ಪಳಗಿಸಿದ್ದ ತುಟಿ ಅಷ್ಟೊತ್ತಿಗೆ ಮರಗಟ್ಟಿರುತ್ತದೆ. ಹಿತ್ತಾಳೆಯೂ ತಣ್ಣಗೆ.

ಅದಕ್ಕೇ ಮೌತ್‌ಪೀಸನ್ನು ಮೊದಲೇ ಸಿಕ್ಕಿಸಿ ಇಡುತ್ತಿರಲಿಲ್ಲ. ಮುಷ್ಟಿಯೊಳಗೆ ಹಿಡಿದು ಬೆಚ್ಚಗೆ ಇಟ್ಟುಕೊಳ್ಳುತ್ತಿದ್ದೆ, ಹೂಗುಚ್ಛ ಇಡುವಾಗ ಸಿಕ್ಕಿಸುತ್ತಿದ್ದೆ. ಹೆಸರು ಓದುವಾಗ ಬಾಯಿ ಮುಚ್ಚಿಕೊಂಡೇ ತುಟಿ ಅಮುಕಿ ಬಿಡುವುದು, ನಾಲಿಗೆಯಲ್ಲಿ ಒಳಗಿನಿಂದ ಒದ್ದೆ ಮಾಡುವುದು. ದೂರದಿಂದ ಯಾರಿಗೂ ಕಾಣುವುದಿಲ್ಲ. ಹಿಂದಿನ ದಿನದಿಂದಲೇ ಎಲೆಅಡಿಕೆ ಬಂದ್, ಸುಣ್ಣ ತಾಗಿದ ತುಟಿ ಮೇಲಿನ ಪ ಹಿಡಿಯುವುದಿಲ್ಲ. ರಾತ್ರಿ ತುಟಿಗೆ ತುಪ್ಪ ಸವರಿದರೆ ಒಳ್ಳೆಯದು, ಆದರೆ ಬೆಳಗ್ಗೆ ಪೂರ್ತಿ ಒರೆಸಬೇಕು. ಜಿಡ್ಡಿದ್ದರೆ ಮೌತ್‌ಪೀಸ್ ಜಾರುತ್ತದೆ.

ಇನ್ನು ಗುಂಡಿನ ಸದ್ದು. ಪಕ್ಕದಲ್ಲೇ ಹಾರಿಸುತ್ತಾರೆ, ಕಿವಿ ಗುಂಯ್ ಅನ್ನುತ್ತದೆ. ಆ ಹೊತ್ತಲ್ಲಿ ಶ್ರುತಿ ಹುಡುಕಲು ಹೋದರೆ ಸಿಗುವುದಿಲ್ಲ. ಮೊದಲ ಸ್ವರ ಗುಂಡಿಗೆ ಮುಂಚೆಯೇ ತಲೆಯಲ್ಲಿ ಕೂತಿರಬೇಕು. ಇಬ್ಬರು ಊದುವುದಾದರೆ ಇನ್ನೂ ಎಚ್ಚರ. ತಣ್ಣಗಿರುವ ಬ್ಯೂಗಲ್ ಶ್ರುತಿ ಇಳಿಯುತ್ತದೆ, ಒಂದು ಬೆಚ್ಚಗೆ ಒಂದು ತಣ್ಣಗೆ ಇದ್ದರೆ ಕೇಳಲಾಗದು. ಇಬ್ಬರೂ ಸದ್ದಿಲ್ಲದೆ ಕೊಳವೆಯೊಳಗೆ ಬಿಸಿ ಉಸಿರು ಬಿಟ್ಟುಕೊಳ್ಳಬೇಕು.

ಇದು ನಮ್ಮೂರಿನ ಪಾಡು ಮಾತ್ರ ಅಲ್ಲ. 1963ರ ನವೆಂಬರ್ 25ರಂದು ಆರ್ಲಿಂಗ್ಟನ್‌ನಲ್ಲಿ ಅಧ್ಯಕ್ಷ ಕೆನಡಿ ಅವರ ಅಂತ್ಯಕ್ರಿಯೆ. ಸಾರ್ಜೆಂಟ್ ಕೀತ್ ಕ್ಲಾರ್ಕ್ ಅಲ್ಲಿ ಟ್ಯಾಪ್ಸ್ ಊದಿದರು. ಲಾಸ್ಟ್ ಪೋಸ್ಟ್ ಜಾಗದಲ್ಲಿ ಅಮೆರಿಕದವರು ಊದುವ ಕರೆ ಅದು, ಒಟ್ಟು 24 ಸ್ವರ. ಆರನೆಯದು ಒಡೆಯಿತು. ಸೇನಾ ಬ್ಯಾಂಡಿನ ನುರಿತ ಕಲಾವಿದರು ಅವರು. ಚಳಿಯಲ್ಲಿ ಬಹಳ ಹೊತ್ತು ನಿಂತಿದ್ದರು, ಹತ್ತಿರದಲ್ಲೇ ಗುಂಡು ಹಾರಿತ್ತು. ಜನ ಅದನ್ನು ಅಳುವಿನ ದನಿ ಎಂದುಕೊಂಡರು. ನಮ್ಮಂಥವರಿಗೆ ಮಾತ್ರ ಅದು ತಣ್ಣಗಾದ ತುಟಿ ಅಂತ ಗೊತ್ತು.

ಅಂದಹಾಗೆ ಲಾಸ್ಟ್ ಪೋಸ್ಟ್ ಹುಟ್ಟಿದ್ದು ಶೋಕಕ್ಕಲ್ಲ. ಬ್ರಿಟಿಷ್ ಸೇನೆಯಲ್ಲಿ ರಾತ್ರಿ ಅಧಿಕಾರಿ ಕಾವಲು ಠಾಣೆಗಳನ್ನು ಸುತ್ತಿ ಮುಗಿಸಿದಾಗ ಊದುತ್ತಿದ್ದ ಕರೆ ಅದು. ಸಮಾಧಿಯ ಬಳಿ ಊದುವುದು ಆಮೇಲೆ ಬಂತು. ಹಾಗಾಗಿ ಅದನ್ನು ಎಳೆದೆಳೆದು ಅಳುಮೋರೆ ಮಾಡಿ ಊದುವುದು ನನಗೆ ಹಿಡಿಸದು. ಬೆಲ್ಜಿಯಂನ ಈಪರ್ ಊರಿನ ಮೆನಿನ್ ಗೇಟ್‌ನಲ್ಲಿ ದಿನಾ ರಾತ್ರಿ 8ಕ್ಕೆ ಊದುತ್ತಾರೆ, 1928ರಲ್ಲಿ ಶುರುವಾದದ್ದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಊರು ಹಿಡಿದಿದ್ದಾಗ ಮಾತ್ರ ನಿಂತಿತ್ತು. ಅಲ್ಲಿನ ಕಲ್ಲಿನಲ್ಲಿ ಭಾರತೀಯ ಸೈನಿಕರ ಹೆಸರುಗಳೂ ಇವೆ. ಅದರ ರೆಕಾರ್ಡಿಂಗ್ ಕೇಳಿ ನೋಡಿ, ನೇರವಾಗಿ ಊದುತ್ತಾರೆ.

ಈಗ ಕೆಲವು ಕಡೆ ಸ್ಪೀಕರ್‌ನಲ್ಲಿ ಹಾಕಿಬಿಡುತ್ತಾರೆ. ಅಮೆರಿಕದಲ್ಲಂತೂ ಬ್ಯೂಗಲ್ ಒಳಗೇ ರೆಕಾರ್ಡಿಂಗ್ ಯಂತ್ರ ಕೂರಿಸಿದ್ದಾರೆ, ಸೈನಿಕ ಸುಮ್ನೆ ಬಾಯಿಗೆ ಹಿಡಿದರೆ ಸಾಕು. ಊದುವವರು ಸಾಲದಾದಾಗ ಏನು ಮಾಡೋದು, ಅಲ್ವಾ? ಆದರೂ ಸತ್ತವನ ಮನೆಯವರ ಎದುರು ಊದುವ ನಟನೆ ಮಾಡುವುದಕ್ಕಿಂತ, ಒಂದು ಸ್ವರ ಒಡೆದರೂ ಪರವಾಗಿಲ್ಲ ಅನ್ನುತ್ತೇನೆ.

ಲಾಸ್ಟ್ ಪೋಸ್ಟ್ ಆದ ಮೇಲೆ ಎರಡು ನಿಮಿಷ ಮೌನ, ನಂತರ ಎಬ್ಬಿಸುವ ಕರೆ, ರೌಸ್. ಈ ಎರಡು ನಿಮಿಷದಲ್ಲಿ ತುಟಿ ಮತ್ತೆ ಆರುತ್ತದೆ. ರೌಸ್ ಚುರುಕಾದದ್ದು, ನಾಲಿಗೆ ಚಕಚಕ ಹೊಡೆಯಬೇಕು.

ಹೊಸ ಹುಡುಗರಿಗೆ ಕಲಿಸುವಾಗ ನಾನು ರಾಗಕ್ಕೆ ಅವಸರ ಮಾಡುವುದಿಲ್ಲ. ಸಾವಧಾನದಲ್ಲಿ ನಿಲ್ಲಿಸಿ ಹಳೆಯ ಪಟ್ಟಿಯ ಹೆಸರುಗಳನ್ನು ಒಂದೊಂದಾಗಿ ಓದುತ್ತೇನೆ. ಮುಗಿದ ತಕ್ಷಣ, ಒಂದು ಸಲವೂ ಬಾಯಿ ಪಳಗಿಸಲು ಬಿಡದೆ, ಊದು ಅನ್ನುತ್ತೇನೆ. ಒಳಗೊಳಗೇ ಬೈದುಕೊಳ್ಳುತ್ತಾರೆ. ಬೈದುಕೊಳ್ಳಲಿ ಬಿಡಿ.