ಬೀಟ್‌ರೂಟ್ ಎದ್ದು ನಿಲ್ಲುವ ತನಕ: ನನ್ನ ಅನುಭವ

ಚಿತ್ರದುರ್ಗದ ನಮ್ಮ ಕಡೆ ಈರುಳ್ಳಿ ಬಿಟ್ಟು ಬೀಟ್‌ರೂಟ್ ಹಾಕಿದೆ ಎಂದರೆ ಎಲ್ಲರೂ ಮೊದಲು ಕೇಳುವುದು ರೇಟು. ನನ್ನ ತಲೆನೋವು ಬೇರೆ: ಸಾಲಿನಲ್ಲಿ ಸಸಿ ಒಂದೇ ಸಮ ಏಳಬೇಕು. ತಡವಾಗಿ ಎದ್ದದ್ದು ಪಕ್ಕದ ಗಿಡದ ನೆರಳಿಗೆ ಸಿಕ್ಕಿ, ಗೆಡ್ಡೆ ಗೋಲಿಯಷ್ಟಕ್ಕೇ ನಿಲ್ಲುತ್ತದೆ.

ಇದರ ಅಣ್ಣತಮ್ಮನೇ ಸಕ್ಕರೆ ಬೀಟ್. ಯುರೋಪಿನಲ್ಲಿ ಅದನ್ನು ಬಿತ್ತುವವರು ಮಾರ್ಚ್–ಏಪ್ರಿಲ್‌ನಲ್ಲಿ ಮಣ್ಣು ಬೆಚ್ಚಗಾಗಲಿ ಎಂದು ಕಾಯುತ್ತಾರೆ. ಸುಮಾರು 3 ಡಿಗ್ರಿಗಿಂತ ಕೆಳಗೆ ಬೀಜ ಅಲ್ಲಾಡುವುದಿಲ್ಲ. ನಾವು ಬಿಸಿಲು ಇಳಿಯಲಿ ಎಂದು ಕಾಯಬೇಕು. ನಾನು ಊರುವುದು ಅಕ್ಟೋಬರ್ ಕಳೆದ ಮೇಲೆ.

ಅಂಗಡಿಯಲ್ಲಿ ಬೀಜ ಎಂದು ಕೊಡುವುದು ಹಲವು ಕಾಯಿ ಕೂಡಿಕೊಂಡ ಒರಟು ಗಂಟು. ಒಂದು ಗಂಟಿನಿಂದ ಎರಡು, ಮೂರು, ಕೆಲವೊಮ್ಮೆ ನಾಲ್ಕು ಸಸಿ ಬರುತ್ತವೆ. ಸಿಪ್ಪೆಯಲ್ಲಿ ಮೊಳಕೆ ತಡೆಯುವ ಅಂಶವಿದೆ. ರಾತ್ರಿ ನೆನೆಹಾಕಿದರೆ ಬೆಳಗ್ಗೆ ನೀರು ಕಂದಾಗಿರುತ್ತದೆ. ಅದನ್ನು ಚೆಲ್ಲಿ, ಹೊಸ ನೀರಲ್ಲಿ ತೊಳೆದು, ನೆರಳಲ್ಲಿ ಆರಿಸಿ ಊರುತ್ತೇನೆ. ಔಷಧಿ ಲೇಪಿಸಿದ ಬೀಜವಾದರೆ ನೆನೆಸುವುದಿಲ್ಲ.

ನನ್ನದು ಮಸಾರಿ ಹೊಲ, ಅಂದರೆ ಕೆಂಪು ಮಣ್ಣು. ಬಿತ್ತಿದ ಮೇಲೆ ಜೋರು ಮಳೆ ಬಿದ್ದು ಮರುದಿನ ಬಿಸಿಲು ಹೊಡೆದರೆ ಮೇಲ್ಮಣ್ಣು ಬಿಲ್ಲೆ ಕಟ್ಟುತ್ತದೆ. ಕುಡುಗೋಲಿನ ತುದಿಯಿಂದ ಒಂದು ಬಿಲ್ಲೆ ಎಬ್ಬಿಸಿ ನೋಡಿ: ಕೆಂಪು ದಂಟಿನ ಎಳೆ ಸಸಿ ಮೇಲೆ ಬರಲಾರದೆ ಅಡ್ಡಕ್ಕೆ ತಿರುಗಿ, ಎಲೆ ಹಳದಿಯಾಗಿ ಮಡಚಿಕೊಂಡಿರುತ್ತದೆ. ಆಗ ಕುಂಟೆ ಹಾಕಿದರೆ ಸಸಿಯೂ ಹೋಯಿತು. ಈರುಳ್ಳಿಗೆಂದು ಇಟ್ಟುಕೊಂಡ ಸ್ಪ್ರಿಂಕ್ಲರ್ ಸ್ವಲ್ಪ ಹೊತ್ತು ಬಿಟ್ಟು ಮಣ್ಣು ಮೆತ್ತಗೆ ಮಾಡುತ್ತೇನೆ, ಅಷ್ಟೇ. ಹೆಚ್ಚು ತೋಯಿಸಿದರೆ ಬುಡ ಕಪ್ಪಾಗಿ ಕೊಳೆತು ಸಸಿ ಬೀಳುತ್ತದೆ. ರೋಟವೇಟರನ್ನು ಹಿಟ್ಟಾಗುವ ಹಾಗೆ ಹೊಡೆಸುವುದೂ ಬೇಡ. ಮಣ್ಣು ನುಣ್ಣಗಾದಷ್ಟೂ ಬಿಲ್ಲೆ ಗಟ್ಟಿ. ಹೆಂಟೆ ಒಡೆದು, ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ, ಬೀಜವನ್ನು 2 ಸೆಂ.ಮೀ. ಆಳಕ್ಕೆ ಇಟ್ಟರೆ ಸಾಕು.

ಬೀಟ್ ಉಪ್ಪು ನೀರು ತಡೆಯುತ್ತದೆ ಎನ್ನುತ್ತಾರೆ. ನಿಜ, ಆದರೆ ಬೆಳೆದ ಗಿಡಕ್ಕೆ. ಮೊಳಕೆಗೆ ಆ ಶಕ್ತಿ ಇಲ್ಲ. ಬೋರಿನ ನೀರು ಸಾಲಿಗೆ ಹಾಯಿಸಿದಾಗ ಉಪ್ಪು ದಿಂಡಿನ (ಸಾಲಿನ ಪಕ್ಕದ ಮಣ್ಣಿನ ಏರಿಯ) ನೆತ್ತಿಗೇರಿ ಬಿಳಿಚಿಕೊಳ್ಳುತ್ತದೆ; ಅದಕ್ಕೇ ನೆತ್ತಿ ಬಿಟ್ಟು ಮಗ್ಗುಲಲ್ಲಿ ಊರುತ್ತೇನೆ. ಯೂರಿಯಾ, ಪೊಟ್ಯಾಷ್ ಬೀಜಕ್ಕೆ ತಾಗಬಾರದು.

ನಾಲ್ಕೆಲೆ ಬಂದಾಗ ತೆಳುವು ಮಾಡಿಸಬೇಕು, ಅಂದರೆ ಒತ್ತಾಗಿ ಎದ್ದ ಸಸಿಗಳಲ್ಲಿ ಒಂದನ್ನು ಉಳಿಸಿ ಮಿಕ್ಕದ್ದು ಕೀಳಿಸಬೇಕು. ಹೆಣ್ಣಾಳುಗಳಿಗೆ ಇದು ಸಂಕಟದ ಕೆಲಸ. "ಯಣ್ಣಾ, ಇಷ್ಟು ಚೆಂದಾಗಿ ಬಂದೈತಲ್ಲ, ಕೀಳೋಕೆ ಮನಸ್ಸು ಹೆಂಗೆ ಬರ್ತೈತೆ?" ಎಂದು ಒಬ್ಬಾಕೆ ಪ್ರತಿ ಸಲ ಬೈಯುತ್ತಾರೆ. ಒಂಟಿ ಸಸಿ ಕೊಡುವ ಸಕ್ಕರೆ ಬೀಟ್ ಗಿಡ 1948ರಲ್ಲೇ ಅಮೆರಿಕದಲ್ಲಿ ಸಿಕ್ಕಿ, ಅಲ್ಲಿಯವರಿಗೆ ಈ ಕೂಲಿಯ ಖರ್ಚು ತಪ್ಪಿತು. ನಮ್ಮಲ್ಲಿ ಇನ್ನೂ ಕೈಯಲ್ಲೇ. ನೀರು ಬಿಟ್ಟ ಮರುದಿನ ಕಿತ್ತರೆ ಪಕ್ಕದ ಬೇರು ಅಲ್ಲಾಡುವುದಿಲ್ಲ.

ಆಮೇಲೆ ಒಂದು ಸಲ ಕಳೆ ತೆಗೆಸಿ ಮೇಲುಗೊಬ್ಬರ ಕೊಟ್ಟರೆ ಸೊಪ್ಪು ಸಾಲು ಮುಚ್ಚುತ್ತದೆ. ಅಲ್ಲಿಂದಾಚೆ ನೀರು ಬಿಡುವುದು, ಹಂದಿ ನುಗ್ಗದಂತೆ ಕಾಯುವುದು.