ಲೇಔಟ್ ಮೇಲೆ ಪೆನ್ಸಿಲ್ ಇರುವಾಗಲೇ ಕೇಳಬೇಕಾದ ಪ್ರಶ್ನೆಗಳು

ಔಷಧಿ ಕಾರ್ಖಾನೆಗಳಲ್ಲಿ ಸಾಲ್ವೆಂಟ್ (ಕರಗಿಸಲು ಬಳಸುವ ದ್ರವ) ಇಡುವ ಟ್ಯಾಂಕ್ ಫಾರ್ಮ್‌ಗಳ ಸೇಫ್ಟಿ ಸ್ಟಡಿ ನನ್ನ ಕೆಲಸ. ಎಲ್ಲರೂ ಹ್ಯಾಝಾಪ್, ಅಂದರೆ ಒಂದೊಂದು ಪೈಪನ್ನೂ ಹಿಡಿದು ಏನು ತಪ್ಪಬಹುದು ಎಂದು ನೋಡುವ ಪರಿಶೀಲನೆ, ಯಾವಾಗ ಅಂತ ಕೇಳುತ್ತಾರೆ. ಅಷ್ಟು ಹೊತ್ತಿಗೆ ಪೈಪಿಂಗ್ ಡ್ರಾಯಿಂಗ್ ಮುಗಿದಿರುತ್ತದೆ. ವಾಲ್ವ್ ಸೇರಿಸಿ ಅಂದರೆ ಸೇರಿಸುತ್ತಾರೆ, ಜಾಗ ಬದಲಿಸಿ ಅಂದರೆ ಒಪ್ಪುವುದಿಲ್ಲ. ಅದಕ್ಕೇ ಬರೀ ಲೇಔಟ್ ಇರುವಾಗಲೇ ಹ್ಯಾಝಿಡ್‌ಗೆ ಕೂರುತ್ತೇನೆ. ಅಪಾಯ ಎಲ್ಲೆಲ್ಲಿದೆ ಎಂದು ಹುಡುಕುವ ಮೊದಲ ಸುತ್ತು ಅದು.

ಯಾದಗಿರಿ ಕಡೆಯ ಒಂದು ಕಾರ್ಖಾನೆಯಲ್ಲಿ ಟ್ಯಾಂಕ್‌ಗಳಿಗೂ ಬಾಯ್ಲರಿಗೂ ನಡುವಿನ ಅಂತರ ಕಾಗದದ ಮೇಲೆ ಸರಿಯಾಗಿಯೇ ಇತ್ತು. ನಾನು ನೆಲದ ಎತ್ತರ ತಗ್ಗು ತೋರಿಸುವ ಲೆವೆಲ್ ಶೀಟ್ ಕೇಳಿದೆ. ನೋಡಿದರೆ ನೆಲದ ಇಳಿಜಾರು ನೇರ ಬಾಯ್ಲರ್ ಕಡೆಗೆ! ಮಳೆನೀರಿನ ಚರಂಡಿಯೂ ಅದೇ ದಾರಿ. ಅಲ್ಲಿ ಇಡುವ ಟಾಲುಯಿನ್ ಎಂಬ ಸಾಲ್ವೆಂಟ್ 4 ಡಿಗ್ರಿಯಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ಅಲ್ಲಿನ ಬೇಸಿಗೆ 40 ದಾಟುತ್ತದೆ. ಆ ಆವಿ ಗಾಳಿಗಿಂತ 3 ಪಟ್ಟು ಭಾರ, ನೆಲ ಹಿಡಿದೇ ಹರಿಯುತ್ತದೆ. ದ್ರವವೋ ನೀರಿನ ಮೇಲೆ ತೇಲುತ್ತದೆ. ಅಂದರೆ ಬೆಂಕಿಗೆ ಹೊಡೆದ ನೀರೇ ಅದನ್ನು ಬಾಯ್ಲರ್ ಬಾಗಿಲಿಗೆ ಮುಟ್ಟಿಸುತ್ತದೆ.

"ಡೈಕ್ ಇದೆಯಲ್ಲ ಸಾರ್" ಎಂದರು ಪ್ರಾಜೆಕ್ಟ್ ಮ್ಯಾನೇಜರ್. ಡೈಕ್ ಅಂದರೆ ಟ್ಯಾಂಕ್ ಸುತ್ತಲಿನ ತಡೆಗೋಡೆ. ಇದೆ, ದೊಡ್ಡ ಟ್ಯಾಂಕ್ ಪೂರ್ತಿ ಸುರಿದರೂ ಹಿಡಿಯುತ್ತದೆ. ಆದರೆ ಟ್ಯಾಂಕರ್ ಖಾಲಿ ಮಾಡುವುದು ಡೈಕಿನ ಹೊರಗೆ. ಹೋಸ್ ಕಿತ್ತು ಬರುವುದೂ ಅಲ್ಲೇ, ಅಲ್ವಾ?

ಬಾಯ್ಲರನ್ನು ಎತ್ತರದ ಕಡೆಗೆ ಸರಿಸಿದೆವು. ಟ್ಯಾಂಕರ್ ನಿಲ್ಲುವ ಕಡೆ ಸುತ್ತ ಕಟ್ಟೆ ಕಟ್ಟಿ, ಸುರಿದದ್ದು ದೂರದ ಗುಂಡಿಗೆ ಹೋಗುವಂತೆ ಮಾಡಿದೆವು. ಗಾಳಿ ಮಾತ್ರ ನಂಬುವ ಹಾಗಿಲ್ಲ, ಮಳೆಗಾಲಕ್ಕೊಂದು ದಿಕ್ಕು, ಚಳಿಗಾಲಕ್ಕೊಂದು. ಇನ್ನೊಂದು ಸಾಲ್ವೆಂಟ್ ಆದ ಮೆಥನಾಲ್‌ಗೆ ಬೆಂಕಿ ಆರಿಸುವ ಮಾಮೂಲಿ ನೊರೆ ನಿಲ್ಲುವುದಿಲ್ಲ, ಆಲ್ಕೋಹಾಲ್ ತಡೆಯುವ ನೊರೆ ಬೇಕು. ಅದನ್ನೂ ಆಗಲೇ ಬರೆಸಿದೆ.

ಆಮೇಲೆ ಜನರ ವಿಷಯ. ಡ್ರಾಯಿಂಗ್‌ನಲ್ಲಿ ಕಾಣುವವರಿಗಿಂತ ಕಾಣದವರ ಚಿಂತೆ ನನಗೆ ಜಾಸ್ತಿ. 2005ರಲ್ಲಿ ಅಮೆರಿಕದ ಟೆಕ್ಸಾಸ್ ಸಿಟಿ ರಿಫೈನರಿ ಸ್ಫೋಟದಲ್ಲಿ ಸತ್ತ 15 ಜನರೂ ತಾತ್ಕಾಲಿಕ ಟ್ರೇಲರ್ ಆಫೀಸುಗಳ ಒಳಗೆ ಅಥವಾ ಪಕ್ಕದಲ್ಲಿದ್ದವರು. ಹಾಗಾಗಿ ಕಂಟ್ರಾಕ್ಟರ್ ಶೆಡ್ ಎಲ್ಲಿ ಬರುತ್ತದೆ ಎಂದು ಕೇಳಿದೆ. ಯಾರೂ ಯೋಚಿಸಿರಲಿಲ್ಲ. ಲಾರಿ ಡ್ರೈವರ್‌ಗಳು ಸರದಿ ಕಾಯುತ್ತಾ ಎಲ್ಲಿ ಸ್ಟೌ ಹಚ್ಚಿ ಅಡುಗೆ ಮಾಡಿಕೊಳ್ಳುತ್ತಾರೆ ಎಂದೂ ಕೇಳಿದೆ. ಮ್ಯಾನೇಜರ್ ನಕ್ಕರು. ಪಾರ್ಕಿಂಗೇ ಇಲ್ಲದಿದ್ದರೆ ಅವರು ತಗ್ಗಿನ ಕಾಂಪೌಂಡ್ ಪಕ್ಕದಲ್ಲೇ ನಿಲ್ಲಿಸುತ್ತಾರೆ, ಚರಂಡಿ ಹೊರಬೀಳುವುದು ಅಲ್ಲಿಗೇ ಅಂದೆ. ಗೇಟಿನ ಹತ್ತಿರ, ಎತ್ತರದ ಕಡೆ, ಪಾರ್ಕಿಂಗಿಗೂ ಒಂದು ಅಡುಗೆಮನೆಗೂ ಜಾಗ ಗುರುತು ಹಾಕಿಕೊಟ್ಟರು.