‘ಮರ್ತೀನ್ರಿ ಸರ್’ ಅನ್ನುತ್ತಿದ್ದ ಹುಡುಗ: ನನ್ನ ಅನುಭವ

ಸಿಂಧನೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಈ ಸಲ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಸ್ಟಾಫ್ ರೂಮಿನಲ್ಲಿ ಯಾರೂ ಕಮಕ್ ಅನ್ನಲಿಲ್ಲ. "ಅವನ ಆಸೆ ಬಿಡ್ರಿ" ಅಂತ ಎಲ್ಲರೂ ಹೇಳಿದ್ದ ಹುಡುಗ ಆರೂ ವಿಷಯ ಪಾಸಾಗಿದ್ದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಂಟನೇ ಕ್ಲಾಸಿನಲ್ಲಿ ಚೂಟಿ ಇದ್ದ. ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋದರು, ಇವನು ಅಜ್ಜಿ ಹತ್ತಿರ ಉಳಿದ. ಒಂಬತ್ತರ ಅರ್ಧಕ್ಕೆ ಬರುವಷ್ಟರಲ್ಲಿ ಏನು ಕೇಳಿದರೂ ಒಂದೇ ಉತ್ತರ: "ಮರ್ತೀನ್ರಿ ಸರ್." ಅಳು ಇಲ್ಲ, ಬರೀ ಸಿಡುಕು. ಒಮ್ಮೆ ಪಕ್ಕದವನಿಗೆ ಸ್ಕೇಲಿನಿಂದ ಬಾರಿಸಿದ. ಈ ವಯಸ್ಸಿನಲ್ಲಿ ಖಿನ್ನತೆ ಸಿಟ್ಟಿನ ವೇಷದಲ್ಲೂ ಬರುತ್ತೆ ಅಂತ ನನಗೆ ಹೊಳೆಯಲೇ ಇಲ್ಲ. ನಾಲ್ಕು ತಿಂಗಳು ಸುಮ್ನೆ ಹೋಯ್ತು.

ಆ ನಾಲ್ಕು ತಿಂಗಳು ಮಾಡಿದ್ದೆಲ್ಲ ದಂಡ. ಸಂಜೆ ಸ್ಪೆಷಲ್ ಕ್ಲಾಸಿಗೆ ಕೂರಿಸಿದೆ, ಇನ್ನೂ ಮಂಕಾದ. ಒಂದೇ ಉತ್ತರವನ್ನು ಇಪ್ಪತ್ತು ಸಲ ಬರೆಸಿದೆ. ಬ್ರಾಹ್ಮಿ ಸಿರಪ್ ಎರಡು ಬಾಟಲಿ, ಹತ್ತಿರ ಹತ್ತಿರ 400 ರೂಪಾಯಿ, ನನ್ನ ಜೇಬಿಂದ. ನೆನಪಿನ ಶಕ್ತಿ ಹೆಚ್ಚಿಸುವ ಶಿಬಿರ ಅಂತ ರಾಯಚೂರಿಗೂ ಕರೆದುಕೊಂಡು ಹೋದೆ. ಫೀಸು, ಬಸ್ಸು, ಊಟ ಸೇರಿ 1,200 ಆಗಿರಬೇಕು. ವಾಪಸ್ ಬರುವಾಗ ಬಸ್ಸಿನಲ್ಲಿ "ಏನು ಹೇಳಿಕೊಟ್ರೋ?" ಅಂದೆ. "ಮರ್ತೀನ್ರಿ ಸರ್." ಈ ಖರ್ಚಿನ ವಿಷಯ ನನ್ನ ಹೆಂಡತಿಗೆ ಇವತ್ತಿಗೂ ಗೊತ್ತಿಲ್ಲ.

ಕೊನೆಗೆ ಸುಳಿವು ಸಿಕ್ಕಿದ್ದು ಬೋರ್ಡಿನ ಮುಂದೆ. "ದ್ಯುತಿಸಂಶ್ಲೇಷಣೆಗೆ ಸೂರ್ಯನ ಬೆಳಕು ಬೇಕು" ಅಂತ ಬರೆದಿದ್ದೆ. ಉಳಿದವರು ಒಂದೆರಡು ಸಲ ತಲೆ ಎತ್ತಿ ನೋಡಿ ಬರೆದುಕೊಂಡರು. ಇವನು ‘ದ್ಯುತಿ’ ಬರೆದ, ತಲೆ ಎತ್ತಿದ. ‘ಸಂಶ್ಲೇ’ ಬರೆದ, ಮತ್ತೆ ಎತ್ತಿದ. ಒಂದು ಸಾಲಿಗೆ ಎಂಟು ಸಲ! ಬೋರ್ಡಿನಿಂದ ನೋಟ್‌ಬುಕ್ಕಿಗೆ ಬರುವಷ್ಟರಲ್ಲಿ ಅಕ್ಷರ ಸೋರಿ ಹೋಗುತ್ತಿತ್ತು. ಅಂದರೆ ಅವನು ಪಾಠ ಮರೆತಿರಲಿಲ್ಲ, ಅದು ಒಳಗೇ ಹೋಗಿರಲಿಲ್ಲ. ತಲೆ ತುಂಬ ಬೇರೆ ಚಿಂತೆ ಕೂತಿತ್ತು. ಸಾಲದ್ದಕ್ಕೆ ನಿದ್ದೆಯೂ ಇಲ್ಲ. ರಾತ್ರಿ ಎರಡಕ್ಕೆ ಎದ್ದು ಕೂರುತ್ತಾನೆ ಅಂತ ಅಜ್ಜಿ ಆಮೇಲೆ ಹೇಳಿದರು.

ಎಷ್ಟು ಸಲ ತಲೆ ಎತ್ತುತ್ತಾರೆ ಅಂತ ಎಣಿಸುವ ಈ ಹುಚ್ಚನ್ನು ಇಡೀ ಕ್ಲಾಸಿನ ಮೇಲೆ ಒಂದು ವಾರ ಮಾಡಿದೆ. ಇನ್ನೊಬ್ಬ ಹುಡುಗಿಯೂ ಆರೇಳು ಸಲ ಎತ್ತುತ್ತಿದ್ದಳು. ಅವಳಿಗೆ ಬೇಕಿದ್ದದ್ದು ಕನ್ನಡಕ!

"ನಿನ್ನೆ ಏನಾಯ್ತೋ?" ಅಂದರೆ ಹುಡುಗ "ಯಾವಾಗ್ಲೂ ಹಂಗೇ ಐತ್ರಿ" ಅನ್ನುತ್ತಿದ್ದ. ಒಂದು ಘಟನೆಯನ್ನೂ ಬಿಡಿಸಿ ಹೇಳುತ್ತಿರಲಿಲ್ಲ. ಇರಾನಿನಲ್ಲಿದ್ದ ಅಫ್ಘನ್ ನಿರಾಶ್ರಿತ ಹುಡುಗರಿಗೆ ಬಿಡಿ ಬಿಡಿ ಘಟನೆ ನೆನೆಸಿಕೊಳ್ಳುವುದನ್ನು ರೂಢಿ ಮಾಡಿಸಿದಾಗ ಖಿನ್ನತೆ ಇಳಿಯಿತು ಅಂತ 2013ರ ಒಂದು ಅಧ್ಯಯನ ಓದಿದ್ದೆ. ಅದನ್ನೇ ನಮ್ಮೂರಿಗೆ ಹೊಂದಿಸಿದೆ. ಹತ್ತನೇ ಕ್ಲಾಸು ಶುರುವಾದಾಗ ಪಾಠ ಪಕ್ಕಕ್ಕಿಟ್ಟೆ. ಪ್ರಾರ್ಥನೆಗೆ ಮುಂಚೆ ಬೇವಿನ ಕಟ್ಟೆ ಮೇಲೆ ಹತ್ತು ನಿಮಿಷ. ನಿನ್ನೆಯ ಒಂದೇ ಸಂಗತಿ ಹೇಳಬೇಕು: ಎಲ್ಲಿ, ಯಾರಿದ್ದರು, ಕೈಯಲ್ಲಿ ಏನಿತ್ತು. ಮೊದಲ ವಾರ ಏನೂ ಇಲ್ಲ. ಎರಡನೇ ವಾರ ಹೇಳಿದ: "ಕಾಲುವ್ಯಾಗ ಚಪ್ಲಿ ಬಿತ್ರಿ. ಎಡಗಾಲಿಂದು. ಅಜ್ಜಿ ಬೈಲಿಲ್ಲ, ನಕ್ಳು." ಆ ಖುಷಿಗೆ ಅವತ್ತು ಎರಡೆರಡು ಚಹಾ ಕುಡಿದೆ.

ಆಮೇಲೆ ಕಾರ್ಡು. ಹಳೆ ಮದುವೆ ಕಾರ್ಡಿನ ಖಾಲಿ ಬದಿಯಲ್ಲಿ ಒಂದೇ ಪ್ರಶ್ನೆ, ಒಂದೇ ಹೆಜ್ಜೆ. ದಿನಕ್ಕೆ ಮೂರು ಹೊಸದು, ನಿನ್ನೆಯದು ಒಂದು, ಮೂರು ದಿನದ ಹಿಂದಿನದು ಒಂದು. ಖರ್ಚು ಸೊನ್ನೆ. ಬಣ್ಣದ ಕಾರ್ಡೂ ಮಾಡಿ ನೋಡಿದೆ, ಏನೂ ಫರಕ್ ಇಲ್ಲ. ಮೊದಲ ಕಾರ್ಡು ಯಾವುದಿರಬೇಕು ಅನ್ನುವುದನ್ನು ಮಾತ್ರ ಇಲ್ಲಿ ಹೇಳಲ್ಲ. ನಮ್ಮ ಕಟ್ಟೆಗೆ ಬನ್ನಿ, ತೋರಿಸುತ್ತೇನೆ.

ಕಾರ್ಡಿನಿಂದಲೇ ಎಲ್ಲ ಆಯ್ತು ಅಂದರೆ ಸುಳ್ಳಾಗುತ್ತೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆ ನೋಡುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗೋಣ ಅಂದರೆ "ಹುಚ್ಚರ ಡಾಕ್ಟ್ರ ಕಡೆ ಬ್ಯಾಡ್ರಿ" ಅಂತ ಅಜ್ಜಿಯ ಹಟ. ಜಿಲ್ಲೆ ಜಿಲ್ಲೆಗೆ ಈ ಚಿಕಿತ್ಸೆ ಕೊಡುವ ಯೋಜನೆಯನ್ನು ನಿಮ್ಹಾನ್ಸ್‌ನವರು 80ರ ದಶಕದಲ್ಲಿ ಮೊದಲು ಮಾಡಿ ನೋಡಿದ್ದು ಬಳ್ಳಾರಿಯಲ್ಲಿ, 1996ರಿಂದ ಅದೇ ದೇಶದ ಬೇರೆ ಜಿಲ್ಲೆಗಳಿಗೂ ಹೋಯಿತು ಅಂದೆ. "ಬಳ್ಳಾರಿ ನನ್ನ ತವರಲ್ಲೇನ್ರಿ" ಅಂತ ಚೀಲ ಹಿಡಿದು ಹೊರಟೇಬಿಟ್ಟರು. ಮಾತ್ರೆ, ಮಾತುಕತೆ ಎರಡೂ ಶುರುವಾದವು. ಇನ್ನೊಂದು ವಿಷಯ. ಮಗು ಸಾಯುವ ಮಾತು ಎತ್ತಿದರೆ ಕಾರ್ಡು ಗೀರ್ಡು ಬದಿಗಿಟ್ಟು ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ನಂಬರ್ 14416, ಹಗಲು ರಾತ್ರಿ ಸಿಗುತ್ತಾರೆ.

ಸಿಡುಕು ಎರಡು ತಿಂಗಳಲ್ಲಿ ಇಳಿಯಿತು, ಮರೆವು ಇಳಿಯಲಿಲ್ಲ. "ಈಗ ನಗ್ತಾನಲ್ಲ, ಮರ್ತೆ ಅನ್ನೋದು ಸೋಗು" ಅಂತ ಸ್ಟಾಫ್ ರೂಮಿನಲ್ಲಿ ಶುರುವಾಯ್ತು. ಮನಸ್ಸು ತಿಳಿಯಾದ ಮೇಲೂ ತಲೆ ಚುರುಕಾಗಲು ಹೊತ್ತು ಬೇಕು. ಇವನಿಗೆ ಇನ್ನೂ ಐದಾರು ತಿಂಗಳು ಬೇಕಾಯ್ತು. ಜನವರಿಯಲ್ಲಿ ಒಂದು ಸಾಲಿಗೆ ಮೂರು ಸಲ ತಲೆ ಎತ್ತಿದ. ಒಂಬತ್ತರಲ್ಲಿ ನನ್ನ ವಿಷಯದಲ್ಲಿ ಒಂದಂಕಿ ತೆಗೆದವನು, ಮುಖ್ಯ ಪರೀಕ್ಷೆಯಲ್ಲಿ 80ಕ್ಕೆ 45ರ ಆಸುಪಾಸು.

ಈ ವರ್ಷ ಒಂಬತ್ತರಲ್ಲಿ ಇನ್ನಿಬ್ಬರು ಇದ್ದಾರೆ. ಮದುವೆ ಕಾರ್ಡು ಎಸೆಯುವವರು ನಮ್ಮ ಸ್ಕೂಲಿಗೆ ಕೊಟ್ಟು ಹೋಗಿ. ಒಂದು ಬದಿ ಖಾಲಿ ಇದ್ದರೆ ಸಾಕು. ಮಿಂಚಿನ ಪುಡಿ ಹಚ್ಚಿದ್ದು ಬೇಡ, ಪೆನ್ನು ಹಿಡಿಯಲ್ಲ.